ಥಾರ್ನ್ಲಿಯಲ್ಲಿ ಸೋತವರು

"ದಯವಿಟ್ಟು ನಮ್ಮ ಕ್ಯಾಂಡಿಡೇಟ್‌ಗೆ ವೋಟ್ ಮಾಡಿ" ಎಂದು ಗುರುದತ್ ಇಂಗ್ಲಿಷಿನಲ್ಲಿ ಕೇಳಿಕೊಂಡು ಪ್ರಚಾರದ ಚೀಟಿ ನೀಡಿದ್ದು ಎದುರು ಪಕ್ಷದ ಅಭ್ಯರ್ಥಿ ಮಾಲವಿಕಾಳ ಕೈಗೇ. ಅವಳ ಪೋಸ್ಟರ್ ಅವನ ಬೆನ್ನ ಹಿಂದೆಯೇ ಇತ್ತು. ಸ್ವಲ್ಪ ಮುಂಚೆ ಅವನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡಿದ್ದ ಅವಳು, "ಒಂದ್ಸಲ ಹಿಂದೆ ತಿರುಗಿ ನೋಡಿ" ಅಂದಳು.

ತಿರುಗಿದ. ಕಿವಿಯವರೆಗೂ ಕೆಂಪಾದ.

"ಫೋಟೋದಲ್ಲಿ ನಗ್ತಿದೀರಲ್ಲ, ಅದಕ್ಕೇ ಗುರುತು ಸಿಗ್ಲಿಲ್ಲ."

ವೆಸ್ಟರ್ನ್ ಆಸ್ಟ್ರೇಲಿಯಾದ ವಿಧಾನಸಭೆ ಚುನಾವಣೆಗೆ, ನಿಗದಿತ ದಿನಕ್ಕೂ ಮೊದಲೇ ಮತ ಹಾಕಬಹುದಾದ ಮುಂಚಿತ ಮತದಾನ ಶುರುವಾಗಿದ್ದ ದಿನಗಳವು. ಮೈಸೂರಿನಿಂದ ಬಂದು ಪರ್ತ್‌ನಲ್ಲಿ ಎಂಜಿನಿಯರಾಗಿ ನೆಲೆ ನಿಂತಿದ್ದ ಮಾಲವಿಕಾ ಥಾರ್ನ್ಲಿ ಕ್ಷೇತ್ರದಿಂದ ನಿಂತಿದ್ದಳು. ಬೆಂಗಳೂರಿನ ಗುರುದತ್ ಎದುರು ಪಕ್ಷದ ಕಾರ್ಯಕರ್ತ. ಮತಗಟ್ಟೆಯ ಗೇಟಿಗೆ ಅವಳು ಎಡಕ್ಕೆ, ಅವನು ಬಲಕ್ಕೆ. ನೆರಳು ಮಾತ್ರ ಒಂದೇ ಮರದ್ದು.

ಮಾರ್ಚ್ ಬಿಸಿಲು ಏರಿದಂತೆ ಇಬ್ಬರೂ ಆ ನೆರಳಿಗೆ ಬರುತ್ತಿದ್ದರು. ಅವನು ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತರುತ್ತಿದ್ದ. ಮೊದಲ ಲೋಟ ಅವಳಿಗೆ. ಚೀಟಿ ಹಂಚುತ್ತಲೇ ಅವಳು ಓರೆಗಣ್ಣಲ್ಲಿ ನೋಡಿದರೆ, ಅವನು ಮೊದಲೇ ನೋಡುತ್ತಿದ್ದು ಸಿಕ್ಕಿಬಿದ್ದು, ಯಾರೂ ಇಲ್ಲದ ದಾರಿಗೆ "ಗುಡ್ ಮಾರ್ನಿಂಗ್" ಹೇಳುತ್ತಿದ್ದ.

ಒಂದು ಮಧ್ಯಾಹ್ನ ಅವಳು ಯಾರಿಗೂ ಹೇಳದ ಮಾತೊಂದನ್ನು ಅವನಿಗೆ ಹೇಳಿದಳು. ದೇಶದ ಇನ್ನೊಂದು ತುದಿಯಲ್ಲಿರುವ ಬ್ರಿಸ್ಬೇನಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಕೆಲಸಕ್ಕೆ ಕರೆ ಬಂದಿದೆ. ಗೆದ್ದರೆ ಹೋಗುವ ಮಾತೇ ಇಲ್ಲ, ಸೋತರೆ ಗೊತ್ತಿಲ್ಲ. ಆ ದಿನವೆಲ್ಲ ಅವನ ಧ್ವನಿ ಕುಗ್ಗಿಯೇ ಇತ್ತು. ಅದನ್ನು ಕಂಡು ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಮತದಾನದ ದಿನಕ್ಕೆ ಮುನ್ನ ಕಮ್ಯೂನಿಟಿ ಹಾಲ್‌ನಲ್ಲಿ ಅಭ್ಯರ್ಥಿಗಳ ಸಭೆ ನಡೆಯಿತು. ಗುರುದತ್‌ನ ಪಕ್ಷದ ಅಭ್ಯರ್ಥಿ ಎದ್ದು ನಿಂತು, ತಣ್ಣಗೆ ಕೇಳಿದ: ಮಾಲವಿಕಾ ಅವರಿಗೆ ಬ್ರಿಸ್ಬೇನಿನಲ್ಲಿ ಕೆಲಸ ಕಾದಿದೆಯಂತೆ, ಹೌದೋ ಅಲ್ಲವೋ?

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದು ಅಂದಳು. ಆಮೇಲೆ ಕೊಟ್ಟ ವಿವರಣೆ ಯಾರ ಕಿವಿಗೂ ಬೀಳಲಿಲ್ಲ. ಹಿಂದಿನ ಸಾಲಿನಲ್ಲಿ ಗುರುದತ್ ಮುಖ ಸುಣ್ಣವಾಗಿತ್ತು. ಅವಳು ಆ ಕಡೆ ಮತ್ತೆ ನೋಡಲಿಲ್ಲ.

ಮತದಾನದ ದಿನ ಅವನು ಪಕ್ಷದ ಟೀ ಶರ್ಟ್ ಇಲ್ಲದೆ ಬಂದ, ಕೈಯಲ್ಲಿ ಚೀಟಿಗಳೂ ಇರಲಿಲ್ಲ. ಮಾತಾಡಲು ಹತ್ತಿರ ಬಂದಾಗ ಅವಳು ಒಬ್ಬ ಅಜ್ಜಿಯ ಕೈ ಹಿಡಿದು ಒಳಗೆ ನಡೆದಳು.

ಜೂಂಡಲಪ್ ಸೇರಿ ಕ್ಷೇತ್ರದ ಮೇಲೆ ಕ್ಷೇತ್ರ ಅವಳ ಪಕ್ಷಕ್ಕೆ ಒಲಿಯುತ್ತ ಹೋಯಿತು. ಥಾರ್ನ್ಲಿ ಮಾತ್ರ ತೂಗಾಡಿತು. ಅಂಚೆ ಮತಗಳನ್ನೆಲ್ಲ ಎಣಿಸಿದ ಮೇಲೆ ಅವಳು ಸ್ವಲ್ಪದರಲ್ಲಿ ಸೋತಳು. ಪಕ್ಷದ ವಿಜಯೋತ್ಸವದಲ್ಲಿ ಅವಳ ಭುಜ ತಟ್ಟಿದವರಿಗೆಲ್ಲ ಬೇಗ ಮುಂದೆ ಹೋಗುವ ಆತುರವಿತ್ತು. ಮಾರನೆಯ ದಿನ ಬ್ರಿಸ್ಬೇನಿಗೆ ಒಪ್ಪಿಗೆ ಕಳಿಸಿದಳು.

ಸಾಮಾನು ಕಟ್ಟುತ್ತಿದ್ದಾಗ ಗುರುದತ್ ಬಂದ. ಬಾಗಿಲಲ್ಲೇ ನಿಂತು ನಡೆದದ್ದನ್ನು ಹೇಳಿದ. ಅವನ ಪಕ್ಷದ ಪ್ರಚಾರ ನೋಡಿಕೊಳ್ಳುತ್ತಿದ್ದ ನಟರಾಜ್ ಅವನ ಹಳೆಯ ಗೆಳೆಯ. ಯಾಕೋ ಮಂಕಾಗಿದೀಯ ಎಂದು ಅವನು ಕೇಳಿದ್ದಕ್ಕೆ, ಇಷ್ಟಪಟ್ಟ ಮಾಲವಿಕಾ ಕೆಲಸಕ್ಕೆಂದು ಬ್ರಿಸ್ಬೇನಿಗೆ ಹೊರಟುಹೋದರೆ ಏನು ಮಾಡಲಿ ಎಂದು ಗುರುದತ್ ಮನಸ್ಸು ಬಿಚ್ಚಿದ್ದ. ನಟರಾಜನಿಗೆ ಆ ಮಾತಿನಲ್ಲಿ ಕೇಳಿಸಿದ್ದು ಬ್ರಿಸ್ಬೇನ್ ಒಂದೇ; ಅದನ್ನು ನೇರವಾಗಿ ತಮ್ಮ ಅಭ್ಯರ್ಥಿಯ ಕಿವಿಗೆ ಹಾಕಿದ್ದ.

ಮಾಲವಿಕಾ ಪೆಟ್ಟಿಗೆಯ ಮೇಲೆ ಕುಳಿತಳು. ಇಷ್ಟು ದಿನ ಅವನನ್ನು ಗೂಢಚಾರ ಅಂದುಕೊಂಡಿದ್ದಳು. ಅವನು ಬರೀ ದುಃಖದಲ್ಲಿದ್ದವನು. ಸಿಟ್ಟು ಇಳಿಯಿತು, ಅದಿದ್ದ ಜಾಗ ಇನ್ನಷ್ಟು ನೋಯಿತು.

"ನನ್ನ ಹತ್ರ ಹೇಳ್ಬೇಕಾಗಿದ್ದ ಮಾತನ್ನ ಅವರ ಹತ್ರ ಹೇಳ್ಬಿಟ್ರಿ," ಅಂದಳು.

"ಈಗ ಹೇಳ್ತೀನಿ. ಹೋಗ್ಬೇಡಿ."

"ಆವತ್ತು ಅಂದಿದ್ರೆ, ಸೋತ್ರೂ ಇಲ್ಲೇ ಇರ್ತಿದ್ದೆ, ಗುರು. ಈಗ ಈ ಬೀದೀಲಿ ತಲೆ ಎತ್ತಿ ನಡೆಯೋಕೆ ಆಗ್ತಿಲ್ಲ ನಂಗೆ."

ಅವನು ಮತ್ತೆ ಒತ್ತಾಯಿಸಲಿಲ್ಲ. ಒಳಗೆ ಬಂದು ಮೊಣಕಾಲೂರಿ ಕುಳಿತು ಅವಳ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದ. ಅವಳು ಒಂದೊಂದಾಗಿ ಕೈಗೆ ಕೊಡುತ್ತ ಹೋದಳು. ಕೊನೆಯ ಪುಸ್ತಕವನ್ನು ಮಾತ್ರ ಇಬ್ಬರೂ ಬಹಳ ಹೊತ್ತು ಬಿಡಲಿಲ್ಲ.