ಕೇತಲೆಯ ರಥದ ರೆಕ್ಕೆ

ಬಹಳ ಬಹಳ ಹಿಂದೆ, ಸೌಳುಪುರವೆಂಬ ರಾಜ್ಯದಲ್ಲಿ, ಕುದುರೆಯಿಲ್ಲದೆ ಓಡುವ ಕೀಲುರಥಗಳನ್ನು ಕಟ್ಟಲು ಕಲಿಸುವ ಗುರುಕುಲವೊಂದಿತ್ತು. ಊರಾಚೆಯ ಉಪ್ಪಿನ ಬಯಲಿನಲ್ಲಿ ಒಬ್ಬ ಗಾಳಿಮಾಂತ್ರಿಕನಿದ್ದ. ವರ್ಷಕ್ಕೊಮ್ಮೆ ಒಬ್ಬ ಶಿಷ್ಯ ತಾನೇ ಕಟ್ಟಿದ ರಥವನ್ನು ಆ ಬಯಲಿನಲ್ಲಿ ಓಡಿಸಬೇಕು. ಇಲ್ಲವಾದರೆ ಆ ಮಾಂತ್ರಿಕ ಊರಿನ ಸೂರುಗಳನ್ನೆಲ್ಲ ಹಾರಿಸಿಬಿಡುತ್ತಿದ್ದ. ಚಕ್ರ ನೆಲ ಬಿಟ್ಟರೆ ಸವಾರ ಅವನ ಪಾಲು. ನೆಲ ಬಿಡದೆ ಬಯಲು ದಾಟಿದರೆ ಸೆರೆಯಾದವರೆಲ್ಲ ಬಿಡುಗಡೆ.

ಹೋದ ವರ್ಷ ಗುರುಕುಲದ ಶಿಷ್ಯೆ ಕೇತಲೆಯ ಅಣ್ಣ ಬೂಚಣ್ಣ ಹೋದವನು ಬರಲಿಲ್ಲ. ಈ ವರ್ಷ ಅವಳದೇ ಸರದಿ. ಅಣ್ಣನನ್ನು ಕರೆತರದೆ ತುತ್ತು ಅನ್ನವೂ ಅವಳಿಗೆ ಸೇರುತ್ತಿರಲಿಲ್ಲ.

ಬಿರುಗಾಳಿಗೆ ರಥ ಹೊಯ್ದಾಡದಿರಲೆಂದು ಬಿದಿರು ಸೀಳಿ, ರೇಷ್ಮೆ ಬಿಗಿದು, ಹದ್ದಿನದರಂಥ ರೆಕ್ಕೆಯೊಂದನ್ನು ಮಾಡಿ ರಥಕ್ಕೆ ಕೂಡಿಸಿದಳು. ಗಾಳಿ ಹೋಗುವ ದಾರಿ ಕಾಣಲೆಂದು ಅದರ ತುಂಬ ಉಣ್ಣೆಯ ಎಳೆಗಳನ್ನು ಅಂಟಿಸಿದಳು. ಮಾಂತ್ರಿಕನ ಕೈಗೆ ಸಿಗದ ಬಯಲಿನ ಅಂಚಿನಲ್ಲಿ ಓಡಿಸಿ ನೋಡಿದರೆ, ಚಕ್ರ ನೆಲ ಬಿಟ್ಟು ಕೆಳಗೆ ಬೆಳಕು ಕಂಡಿತು.

ಕಿವಿಯ ಪಕ್ಕದಲ್ಲೇ ಅಣ್ಣನ ದನಿ ಕೇಳಿಸಿತು: “ರೆಕ್ಕೆ ಸಾಲದು ಕಣೇ. ಅಗಲ ಮಾಡು.”

ಪಾಪ, ಅಣ್ಣನ ಮಾತೆಂದರೆ ಅವಳಿಗೆ ವೇದವಾಕ್ಯ. ಅಗಲ ಮಾಡಿದಳು. ಎರಡನೆಯ ಸಲ ರಥ ಮೊಳದೆತ್ತರ ಎದ್ದು ಧೊಪ್ಪನೆ ಬಿತ್ತು.

“ಬೆನ್ನು ಇನ್ನೂ ಉಬ್ಬಿಸು,” ಎಂದಿತು ದನಿ.

“ಅಣ್ಣಾ, ಎಲ್ಲಿದ್ದೀಯೋ?”

“ನಿನ್ನ ಪಕ್ಕದಲ್ಲೇ.”

ಕೇತಲೆಯ ಕಣ್ಣು ರೆಕ್ಕೆಯ ಮೇಲಿತ್ತು. ಅವಳು ಕೇಳಿದಾಗ ಎಳೆಗಳು ಅಲುಗಿದ್ದವು. ದನಿ ಉತ್ತರ ಕೊಟ್ಟಾಗ ಒಂದೂ ಅಲುಗಲಿಲ್ಲ. ಮಾತಿತ್ತು, ಉಸಿರಿರಲಿಲ್ಲ. ಅಣ್ಣ ಸತ್ತಿದ್ದರೂ ನನ್ನನ್ನು ಹಾರಿಸಲು ನೋಡುವವನಲ್ಲ ಎಂದುಕೊಂಡಳು.

ಗುರುಕುಲಕ್ಕೆ ಮರಳಿದವಳೇ ರೆಕ್ಕೆಯನ್ನು ಮಗುಚಿ, ಉಬ್ಬು ಕೆಳಗಾಗುವಂತೆ ಬಿಗಿದಳು.

“ತಲೆ ಕೆಟ್ಟಿದೆಯೇನಮ್ಮಾ?” ಎಂದರು ಗುರುಗಳು.

“ಹದ್ದು ಹಾರಬೇಕು ಗುರುಗಳೇ. ನಾನು ಹಾರಬಾರದು.”

ಮೂರನೆಯ ಓಟ ಬಯಲಿನ ನಡುವೆ. ದನಿ ಅಣ್ಣನಾಗಿ ಬೇಡಿತು, ತೀರಿಹೋದ ಅಮ್ಮನಾಗಿ ಅತ್ತಿತು, ಕೊನೆಗೆ ಕೇತಲೆಯದೇ ದನಿಯಾಗಿ, “ಆ ರೆಕ್ಕೆ ಕಿತ್ತು ಹಾಕು!” ಎಂದು ಕಿರುಚಿತು. ಅವಳು ಹಲ್ಲು ಕಚ್ಚಿ ಓಡಿಸಿದಳು. ರಥ ಓಡಿದಷ್ಟೂ ಗಾಳಿ ಅದನ್ನು ನೆಲಕ್ಕೆ ಒತ್ತಿತು. ಚಕ್ರಗಳು ಉಪ್ಪಿನಲ್ಲಿ ಗೆರೆ ಕೊರೆದುಕೊಂಡು ಬಯಲು ದಾಟಿದವು.

ಹಿಂದೆ ನಿಟ್ಟುಸಿರಿನಂಥ ಸದ್ದಾಯಿತು. ಮಾಂತ್ರಿಕ ಇಲ್ಲವಾದ. ಆಕಾಶದಿಂದ ಸೆರೆಯಾಳುಗಳು ಹೊಟ್ಟಿನಂತೆ ಮೆಲ್ಲಗೆ ಇಳಿದರು, ಅವರಲ್ಲಿ ಬೂಚಣ್ಣನೂ ಇದ್ದ.

“ನನ್ನ ಹತ್ರ ಮಾತಾಡಿದ್ದು ನೀನೇನೋ?”

“ನಾನೆಲ್ಲಿ ಮಾತಾಡ್ಲಿ ಕಣೇ? ಅವನು ಮೊದಲು ಕಸ್ಕೊಂಡಿದ್ದೇ ನಮ್ಮ ದನಿ.”

ಅವನು ಹಾಗೆನ್ನುವಾಗ ಎಳೆಗಳು ಅಲುಗಿದವು. ಕೇತಲೆ ಅವನ ಕೊರಳು ತಬ್ಬಿ ಅತ್ತುಬಿಟ್ಟಳು.

ಅಂದಿನಿಂದ ಸೌಳುಪುರದವರು ಉಂಡುಟ್ಟು ಸುಖವಾಗಿದ್ದಾರೆ. ಆದರೂ ಬಾಗಿಲ ಸಂದಿಗೆ ಒಂದು ಉಣ್ಣೆಯ ಎಳೆ ಕಟ್ಟಿರುತ್ತಾರೆ. ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕರೆದಾಗ, ಅದು ಅಲುಗಿದರೆ ಮಾತ್ರ ಅಗುಳಿ ತೆಗೆಯುತ್ತಾರೆ.