ಮೇಕೆಮೊಗದ ಮೀನು

"ಕುತಿಗಿ ಮ್ಯಾಲಿನ ಗೀರು ಮುಚ್ಚಬ್ಯಾಡಪ್ಪಾ. ಗೀರು ಇರೋತನಕ ಅವು ಬರೇ ಚಿತ್ರ. ಕುತಿಗಿ ಕೂಡಿತಂದ್ರ ದನಿ ಹುಡುಕ್ತಾವ, ಹತ್ರ ಇದ್ದವರ ಉಸಿರು ಎಳೀತಾವ. ಮಾಟ ಮಾಡಿ ಕೊರದ ಅಚ್ಚು ಅವು."

ಮಸ್ಕಿಯ ಮಕ್ತುಂಬೀ ಮರದಚ್ಚುಗಳನ್ನು ಹಳೆ ಸೀರೆಯಲ್ಲಿ ಸುತ್ತಿಕೊಡುತ್ತ ಹೇಳಿದ ಮಾತಿದು. ಲಿಂಗಸುಗೂರು ಬಿಟ್ಟು ಸಿಂಧನೂರಿನಲ್ಲಿ ಹೊಸದಾಗಿ ಚಿತ್ರಪಟದ ಅಂಗಡಿ ಹಾಕಿದ್ದ ಅನಿಲಕುಮಾರ ನಕ್ಕುಬಿಟ್ಟ.

"ದನಿ ಬಂದ್ರ ಚಲೋ ಆತಲ್ಲಾ ಚಾಚೀ, ಗಿರಾಕೀನ ಅವೇ ಕರೀತಾವ!"

ಅಚ್ಚೊತ್ತಿದರೆ ಕಾಗದದ ಮೇಲೆ ನವಿಲುಬಾಲದ ಬೆಕ್ಕು, ಹುಂಜದ ಜುಟ್ಟಿನ ಕೋಣ, ಮೇಕೆಮೊಗದ ಮೀನು; ಎಲ್ಲದರ ಕುತ್ತಿಗೆಗೂ ಅಡ್ಡ ಒಂದು ಬಿಳಿ ಗೀರು. ಕಂಡವರೆಲ್ಲ ನಗುತ್ತಿದ್ದರು, ಆಮೇಲೆ ಕೇಳುತ್ತಿದ್ದರು: "ಕುತಿಗಿ ಯಾಕ್ರೀ ಕೊಯ್ದೀರಿ?" ಕೇಳಿ ಕೇಳಿ ಸಾಕಾಗಿ ಅನಿಲಕುಮಾರ ಮರದಪುಡಿಗೆ ಅಂಟು ಕಲಸಿ ಮೀನಿನ ಅಚ್ಚಿನ ಗೀರು ತುಂಬಿದ. ಎರಡೇ ಪ್ರತಿ ತೆಗೆದ. ಒಂದನ್ನು ಸಂತೆಕಲ್ಲೂರಿನ ಕನಕರಾಯ ಒಯ್ದ. ಇನ್ನೊಂದು ಅಂಗಡಿಯ ಗೋಡೆಗೇರಿತು.

ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಭಾಗ್ಯಶ್ರೀ ಎಂಥವಳೆಂದರೆ, ತರಕಾರಿಯವಳಿಂದ ಹಿಡಿದು ಮಿಲ್ಲಿನ ಹಮಾಲರವರೆಗೆ ಅವಳ ದನಿ ಗುರುತಿಸದವರು ಆ ಓಣಿಯಲ್ಲಿರಲಿಲ್ಲ.

ಮಟಮಟ ಮಧ್ಯಾಹ್ನ. ಬಿಸಿಲಿಗೆಂದು ಶಟರ್ ಇಳಿಸಿದ್ದ. ಕರೆಂಟು ಹೋಯಿತು. ಕಗ್ಗತ್ತಲು. ಮಿಲ್ಲಿನ ತೌಡಿನ ವಾಸನೆ, ಬಣ್ಣದ ಘಾಟು.

"ಏನ್ರೀ, ಉಣ್ಣಾಕ ಬರ್ರೀ. ರೊಟ್ಟಿ ಆರಾಕತ್ತಾವ." ಅಡುಗೆಮನೆಯಿಂದ ಭಾಗ್ಯಶ್ರೀ ಕರೆದಳು.

"ಬಂದೆ ತಡೀಯೇ."

"ಉಣ್ಣಾಕ ಬರ್ರೀ…"

ಅಡುಗೆಮನೆ ಇದ್ದದ್ದು ಎದುರಿಗೆ. ಈ ಸಲ ದನಿ ಬಂದದ್ದು ಬೆನ್ನ ಹಿಂದಿನ ಗೋಡೆಯಿಂದ. ಅದರ ಜೊತೆಗೇ ಹಸಿಮೀನಿನ ನಾತ.

ಮೊಬೈಲಿನ ಬೆಳಕು ಹಾಕಿದ. ಅಡುಗೆಮನೆಯ ಬಾಗಿಲಲ್ಲಿ ಭಾಗ್ಯಶ್ರೀ. ಎರಡೂ ಕೈ ಗಂಟಲ ಮೇಲೆ. ಬಾಯಿ ತೆರೆದಿತ್ತು. ದನಿಯಿಲ್ಲ. ಉಸಿರಿಲ್ಲ. ತುಟಿ ನೀಲಿ.

ಗೋಡೆಯ ಮೇಲೆ ಮೀನಿನ ಗಂಟಲು ಉಬ್ಬಿತು. ಇಳಿಯಿತು. ಉಬ್ಬಿತು.

ಕಾಗದ ಕೊಯ್ಯುವ ಕಟರ್ ಹಿಡಿದು ನುಗ್ಗಿದ.

"ಬ್ಯಾಡ್ರೀ! ನಾನು ರೀ, ನಿಮ್ಮ ಭಾಗ್ಯಾ!"

ಕೈ ನಿಂತಿತು. ಹಿಂದೆ ಅವಳು ಧೊಪ್ಪನೆ ಕುಸಿದಳು. ಕಣ್ಣು ಮುಚ್ಚಿ ಮೀನಿನ ಗಂಟಲಿಗಡ್ಡ ಕಟರ್ ಎಳೆದ. ಕಾಗದ ಸೀಳಿತು. ಬೆರಳಿಗೆ ಬೆಚ್ಚಗೇನೋ ತಾಗಿತು.

ಭಾಗ್ಯಶ್ರೀ ಉಸಿರೆಳೆದುಕೊಂಡಳು. ಬರೀ ಉಸಿರು.

ಫೋನು ಹೊಡೆದುಕೊಂಡಿತು. ಕನಕರಾಯ.

"ಅಣ್ಣಾರ, ನೀವು ಕೊಟ್ಟ ಮೀನು ಮಾತಾಡಾಕತ್ತೈತ್ರೀ! ಯಾರೋ ಹೆಣ್ಮಗಳ ದನಿ. ನಮ್ಮವ್ವಗ ಉಸಿರು ಹತ್ತವಲ್ದು. ಏನ್ ಮಾಡಲ್ರೀ?"

ಫೋನಿನಲ್ಲಿ, ಕನಕರಾಯನ ಹಿಂದಿನಿಂದ, ಸ್ಪಷ್ಟವಾಗಿ: "ಏನ್ರೀ, ಉಣ್ಣಾಕ ಬರ್ರೀ…"

ಒಂದೇ ಅಚ್ಚಿನ ಎರಡು ಪ್ರತಿ, ಎರಡಕ್ಕೂ ಒಂದೇ ದನಿ. ಭಾಗ್ಯಶ್ರೀಯ ದನಿ ಇನ್ನು ಉಳಿದಿದ್ದದ್ದು ಆ ಪಟದಲ್ಲಿ ಮಾತ್ರ. ಅನಿಲಕುಮಾರ ಹೆಂಡತಿಯ ಕಡೆ ತಿರುಗಿದ. ಭಾಗ್ಯಶ್ರೀ ಫೋನು ಕಸಿದು ಕಿವಿಗಿಟ್ಟುಕೊಂಡಳು. ತನ್ನನ್ನೇ ತಾನು ಕೇಳಿಸಿಕೊಂಡಳು. ಕಣ್ಣು ತುಂಬಿದವು. ಆಮೇಲೆ ಫೋನನ್ನು ಅವನ ಬಾಯಿಗೆ ಹಿಡಿದು, ಹೇಳು ಎಂಬಂತೆ ತಲೆಯಾಡಿಸಿದಳು.

"ಅದರ ಕುತಿಗಿ ಕೊಯ್ರಿ," ಅಂದ.

"ರೊಟ್ಟಿ ಆರಾಕ…"

ಅಷ್ಟಕ್ಕೇ ನಿಂತಿತು. ಆ ಕಡೆ ಮುದುಕಿಯೊಬ್ಬಳು ಕೆಮ್ಮಿ ಉಸಿರೆಳೆದುಕೊಂಡಳು. ಈ ಕಡೆ ಭಾಗ್ಯಶ್ರೀ ಅವನ ಮುಖ ನೋಡುತ್ತ ಏನೋ ಅಂದಳು. ತುಟಿ ನೋಡಿ ಮಾತು ತಿಳಿಯುವುದು ಅನಿಲಕುಮಾರನಿಗೆ ಇನ್ನೂ ಬರುತ್ತಿರಲಿಲ್ಲ.