ಕಂಬದ ತುದಿಯ ರೇಷ್ಮೆ

ಬಹುಕಾಲದ ಹಿಂದೆ, ಕಡಲೇ ಅಂಗಳವಾಗಿದ್ದ ಒಂದು ರಾಜ್ಯವಿತ್ತು. ಅಲ್ಲಿಯವರು ವರ್ಷವರ್ಷವೂ ಗಂಗಮ್ಮನ ಪೂಜೆಯ ದಿನ ಹಾಯಿದೋಣಿಯ ಕಂಬದ ತುದಿಗೆ, ಹಗ್ಗಗಳೆಲ್ಲ ಸೇರುವ ಗಂಟಿನ ಮೇಲೆ, ಹೊಸ ರೇಷ್ಮೆ ಸುತ್ತುತ್ತಿದ್ದರು. ಹಳೆಯದನ್ನು ಬಿಚ್ಚುತ್ತಿರಲಿಲ್ಲ. ದೇವಿಗೆ ಉಡಿಸಿದ್ದನ್ನು ಬಿಚ್ಚುವುದುಂಟೆ?

ಕಡಲ ನಡುವೆ ಕರಿಬಂಡೆ. ಅದರ ಹತ್ತಿರ ಕಂಬ ಉರುಳಿ, ದೋಣಿ ಬಂಡೆಯ ನೆರಳಿಗೆ ತೇಲಿದರೆ, ಒಳಗಿದ್ದವರು ನೀರುಕಾಗೆಗಳಾಗುತ್ತಿದ್ದರು. ಮಾಂತ್ರಿಕನೊಬ್ಬನ ಆಟವದು. ಅವನ ನಗು ಕೇಳಿದವರಿದ್ದರು, ಮುಖ ಕಂಡವರಿರಲಿಲ್ಲ. ಹಗ್ಗ ಹೊಸೆಯುವ ಅಕ್ಕುವಿನ ಗಂಡ ತನಿಯನೂ ಹಕ್ಕಿಯಾದ. ಅವನನ್ನು ಕರೆತರಲು ಅಕ್ಕು ಹೊರಟಳು.

ಮೊದಲ ಸಲ ಕಂಬ ಉರುಳಿತು. ಹುಟ್ಟು ಹಾಕಿ ಹೇಗೋ ಮರಳಿದಳು. ಹಾಯಿ ಭಾರವಾಯಿತೆಂದರು ಹಿರಿಯರು; ಹಾಯಿ ಬದಲಾಯಿತು. ಎರಡನೆಯ ಸಲವೂ ಉರುಳಿತು. ಮರ ಸರಿಯಿಲ್ಲವೆಂದರು, ಕಂಬ ಬದಲಾಯಿತು. ಗಂಟನ್ನು ಮಾತ್ರ ರೇಷ್ಮೆಯ ಸಮೇತ ಹೊಸ ಕಂಬಕ್ಕೆ ಏರಿಸಿದರು. ಕಳಚಿದ್ದ ಹಗ್ಗದ ತುದಿಯನ್ನು ಬಟ್ಟೆಯೊಳಗೇ ತೂರಿಸಿ, ಮೇಲೊಂದು ಪಟ್ಟಿ ಬಿಗಿದರು. ಬಿಚ್ಚಿ ನೋಡಲು ಅಕ್ಕುವಿನ ಕೈ ತುರಿಸಿತು; ದೇವಿಯ ಉಡುಗೆಯೆಂದು ಮುಟ್ಟಲಿಲ್ಲ.

ಮೂರನೆಯ ಸಲ ಬಂಡೆ ಕಾಣುವ ಹೊತ್ತಿಗೆ ಒಂದು ನೀರುಕಾಗೆ ಬಂದು ಕಂಬದ ತುದಿಯಲ್ಲಿ ಕೂತು ರೇಷ್ಮೆಯನ್ನು ಕುಕ್ಕತೊಡಗಿತು. ಅಕ್ಕು ಗದರಿದಳು. ಹಕ್ಕಿ ಕತ್ತು ಓರೆ ಮಾಡಿ ಅವಳನ್ನೇ ನೋಡಿ, ಮತ್ತೆ ಕುಕ್ಕಿತು. ಸಿಟ್ಟು ಬಂದಾಗ ತನಿಯ ನೋಡುತ್ತಿದ್ದದ್ದು ಹಾಗೆಯೇ.

"ತಪ್ಪಾದರೆ ನನ್ನ ತಲೆಗಿರಲಿ, ತಾಯಿ" ಎಂದು ಅಕ್ಕು ಕಂಬ ಇಳಿಸಿ ರೇಷ್ಮೆ ಬಿಚ್ಚಿದಳು. ಪದರ ಪದರವಾಗಿ ಬಿಚ್ಚಿದಳು. ಒಳಗೆ ಹಗ್ಗ ನೆನೆದ ಹಿಟ್ಟಿನಂತಾಗಿತ್ತು. ಅದರ ನಡುವೆ ಕೊಬ್ಬಿದ ಬಿಳಿ ಹುಳುವಾಗಿ ಮಾಂತ್ರಿಕ ಮಲಗಿದ್ದ.

"ಮುಚ್ಚಿದವರು ನೀವು, ಅಮ್ಮ. ನಾನು ಕತ್ತಲಲ್ಲಿ ಕೂತು ತಿಂದೆ, ಅಷ್ಟೆ. ಚಳಿಯಾಗುತ್ತಿದೆ, ಹೊದಿಸಿಬಿಡು" ಎಂದ.

ಅಕ್ಕುವಿಗೆ ಅಯ್ಯೋ ಎನಿಸಿತು. ಆದರೂ ಹೊದಿಸಲಿಲ್ಲ. ಬಿಸಿಲು ಬಿತ್ತು; ಹುಳು ಒಣಗಿ ಹೊಟ್ಟಾಗಿ ಗಾಳಿಗೆ ಹಾರಿಹೋಯಿತು. ಬಂಡೆಯ ಮೇಲಿನ ಹಕ್ಕಿಗಳೆಲ್ಲ ಮನುಷ್ಯರಾಗಿ ಎದ್ದು ನಿಂತವು. ದೋಣಿಯ ಮೇಲೆ ಸುತ್ತುತ್ತಿದ್ದ ತನಿಯ ದೊಪ್ಪನೆ ನೀರಿಗೆ ಬಿದ್ದು ದೋಣಿ ಹತ್ತಿದ.

"ಕುಕ್ಕಿ ಕುಕ್ಕಿ ಮೂತಿ ನೋಯಿತಲ್ಲ, ಮಾರಾಯ್ತಿ" ಎಂದ.

"ಮನುಷ್ಯರಾಗಿದ್ದಾಗ ಇಷ್ಟು ಸ್ಪಷ್ಟವಾಗಿ ಯಾವತ್ತು ಹೇಳಿದ್ದೀರಿ?" ಎಂದಳು ಅಕ್ಕು, ಹೊಸ ಹಗ್ಗ ಬಿಗಿಯುತ್ತ.

ಅಂದಿನಿಂದ ಪೂಜೆಯ ದಿನ ಮೊದಲು ಬಿಚ್ಚಿ, ಬಿಸಿಲು ತೋರಿಸಿ, ಸವೆದದ್ದನ್ನು ಕತ್ತರಿಸಿ, ಆಮೇಲೆ ಉಡಿಸುವುದಾಯಿತು. ಗಂಗಮ್ಮ ಮುನಿಯಲಿಲ್ಲ. ಕಡಲಿಗೆ ಹೋದವರು ಅನ್ನ ಆರುವ ಮೊದಲೇ ಮನೆ ಸೇರುತ್ತಿದ್ದರು. ಅದಕ್ಕಿಂತ ದೊಡ್ಡ ಸುಖ ಯಾವ ರಾಜ್ಯದಲ್ಲಿದೆ?